ಹೋಗಿ ಬರ್ತೀನಿ

ನಮ್ಮ ಕಡೆ ನೆಂಟರು ಎದ್ದು ಹೊರಡುವುದಕ್ಕೂ ನಿಜವಾಗಿ ಹೋಗುವುದಕ್ಕೂ ನಡುವೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ನಡುಮನೆಯಲ್ಲಿ ಕೂತು ಎರಡು ತಾಸು ಆಡಿದ್ದು ಮಳೆಯ ಮಾತು, ಕೊಬ್ಬರಿ ರೇಟು, ಮೊಣಕಾಲು ನೋವು. ಅರಿಶಿನ ಕುಂಕುಮ ಆಯಿತು, ಎಲೆ ಅಡಿಕೆ ಆಯಿತು, ಚಪ್ಪಲಿ ಮೆಟ್ಟಿದ್ದಾಯಿತು, 'ಹೋಗಿ ಬರ್ತೀವಿ' ಅಂದದ್ದೂ ಆಯಿತು. ಆಮೇಲೆ ಗೇಟಿನ ಚಿಲಕದ ಮೇಲೆ ಕೈಯಿಟ್ಟವರು ಹಿಂದಕ್ಕೆ ತಿರುಗಿ 'ಅಂದ ಹಾಗೆ...' ಅನ್ನುತ್ತಾರೆ. ಬಂದ ಕೆಲಸ ಹೊರಬೀಳುವುದು ಆಗ. ಸಾಲ ಬೇಕಾಗಿರುತ್ತದೆ, ಇಲ್ಲವೇ ಕೊಟ್ಟ ಸಾಲ ವಾಪಸು ಬೇಕಾಗಿರುತ್ತದೆ. ಹುಡುಗಿಯ ಜಾತಕ ಬ್ಯಾಗಿನ ತಳದಲ್ಲಿ ಬೆಳಿಗ್ಗೆಯಿಂದ ಕಾದಿರುತ್ತದೆ. ನಮ್ಮಪ್ಪನಂತೂ ಗೇಟು ಬರುವವರೆಗೆ ಯಾರಿಗೂ ಮುಖ್ಯವಾದದ್ದೇನನ್ನೂ ಹೇಳಿದವರಲ್ಲ. ನಾನು ಮೊದಲ ಸಲ ಕೆಲಸಕ್ಕೆಂದು ಶಿವಮೊಗ್ಗಕ್ಕೆ ಹೊರಟ ದಿನ ಅರಸೀಕೆರೆ ಸ್ಟೇಷನ್ನಿಗೆ ಬಂದು, ರೈಲು ಅಲುಗಾಡಿದ ಮೇಲೆ ಕಿಟಕಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು ಕೇಳಿದ್ದು ಇಷ್ಟೇ: 'ಛತ್ರಿ ಇಟ್ಕೊಂಡ್ಯಾ?' ಅವರು ಕೇಳಬೇಕೆಂದಿದ್ದು ಬೇರೇನೋ ಇತ್ತು ಅನ್ನುವುದು ನನಗೆ ಹೊಳೆದದ್ದು ಬೀರೂರು ದಾಟಿದ ಮೇಲೆ.

ಅಂಥ ವಂಶದ ನಾನು, ನಿವೃತ್ತನಾಗಿ ಏಳು ವರ್ಷವಾದ ಮೇಲೆ, ಅಮೆರಿಕದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಮಗಳ ಮನೆಯ ಸೋಫಾದ ಮೇಲೆ ಮಂಕಿ ಕ್ಯಾಪು ಹಾಕಿಕೊಂಡು ಕೂತಿದ್ದಾಗ ಟಿ.ವಿ.ಯಲ್ಲಿ ನಮ್ಮ ನೆಂಟನೊಬ್ಬ ಕಂಡ. ಮಗಳ ಎರಡನೇ ಬಾಣಂತನಕ್ಕೆಂದು ಬಂದಿದ್ದು ನನ್ನ ಹೆಂಡತಿ. ಅವಳ ಲಗೇಜಿನ ಜೊತೆಗೆ ಬಂದವನು ನಾನು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಓಮಿನ ಕಾಳಿನ ಹೊಗೆ, ಅದಕ್ಕೆ ಗಂಟೆಗೊಮ್ಮೆ ಕಿರುಚಿಕೊಳ್ಳುವ ಹೊಗೆ ಅಲಾರಂ. ಭಾನುವಾರ ರಾತ್ರಿ ಹಳೆಯ ಧಾರಾವಾಹಿಗಳನ್ನೇ ಹಾಕುವ ಚಾನೆಲೊಂದರಲ್ಲಿ, ಸುಕ್ಕುಗಟ್ಟಿದ ಮಳೆಕೋಟು ತೊಟ್ಟ ಕುಳ್ಳ ಮನುಷ್ಯನೊಬ್ಬ ಶ್ರೀಮಂತನೊಬ್ಬನ ಬಂಗಲೆಯಲ್ಲಿ ಬೆನ್ನು ಬಗ್ಗಿಸಿ, ತಲೆ ಕೆರೆದುಕೊಂಡು, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಕೇಳಿ ಬಾಗಿಲಿನವರೆಗೆ ಹೋದ. ಶ್ರೀಮಂತ ನಿಟ್ಟುಸಿರು ಬಿಟ್ಟ. ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ ಕುಳ್ಳ ಹಣೆಗೆ ಬೆರಳು ಮುಟ್ಟಿಸಿಕೊಂಡು ತಿರುಗಿದ. ಇನ್ನೊಂದೇ ಒಂದು ವಿಷಯ ಇತ್ತಂತೆ.

'ನೋಡೇ, ನಿಮ್ಮ ತುರುವೇಕೆರೆ ಮಾವ!' ಅಂತ ಕೂಗಿದೆ.

ಅವಳು ಒಳಗಿನಿಂದ 'ಯಾರಂತೆ?' ಅಂದಳು. 'ಕೊಲಂಬೊ' ಅಂದೆ. 'ಲಂಕೆಯವರಾ?' ಅಂದಳು.

ಲಂಕೆಯವನಲ್ಲ. ಲಾಸ್ ಏಂಜಲೀಸ್ ಪೊಲೀಸಿನ ಲೆಫ್ಟಿನೆಂಟ್. ಪಾತ್ರ ಮಾಡಿದವನು ಪೀಟರ್ ಫಾಕ್. ಹೆಸರಿನ ನಡುವೆ ಒಂದು 'ಲ್' ಇದೆ, ಆದರೆ ಬಾಯಿ ಬಿಡುವುದಿಲ್ಲ ಅಂತ ಅಳಿಯಂದಿರು ತಿದ್ದಿದರು. ನ್ಯಾಯವಾಗಿ ಅಂಥ ದೊಡ್ಡ ನಟರನ್ನು ಬಹುವಚನದಲ್ಲೇ ಬರೆಯಬೇಕು. ಇಪ್ಪತ್ತು ಭಾನುವಾರ ಒಂದೇ ಕೋಣೆಯಲ್ಲಿ ಕೂತು ಕಳೆದ ಮೇಲೆ ಬಹುವಚನ ಬಾಯಿಗೆ ಬರುತ್ತಿಲ್ಲ. ಓದುಗರು ಮನ್ನಿಸಬೇಕು.

ಈ ಧಾರಾವಾಹಿಯಲ್ಲಿ ಕೊಲೆಗಾರ ಯಾರು ಅನ್ನುವ ಗುಟ್ಟೇ ಇಲ್ಲ. ಮೊದಲ ಕಾಲು ಭಾಗದಲ್ಲೇ ಯಾರು, ಯಾರನ್ನು, ಯಾವುದರಿಂದ ಕೊಂದರು ಎಂದು ನಮ್ಮೆದುರೇ ತೋರಿಸಿಬಿಡುತ್ತಾರೆ. ಅಳಿಯಂದಿರ ಸ್ನೇಹಿತರೊಬ್ಬರು 'ಹಾಗಾದರೆ ನೋಡುವುದೇನು?' ಎಂದು ಕೇಳಿದರು. ಬೆಂಗಳೂರಲ್ಲೇ ಬೆಳೆದ ಹುಡುಗ. ಕಂಪನಿ ನಾಟಕದವರ ಕುರುಕ್ಷೇತ್ರಕ್ಕೆ ಚಾಪೆ ದಿಂಬು ಹೊತ್ತುಕೊಂಡು ಹೋಗುತ್ತಿದ್ದ ನಮ್ಮೂರಿನ ಜನಕ್ಕೆ ದುರ್ಯೋಧನನ ತೊಡೆಯ ವಿಷಯ ಗೊತ್ತಿರಲಿಲ್ಲವೇ? ಬೆಳಗಿನ ಜಾವ ನಾಲ್ಕಕ್ಕೆ ಆ ಗದೆ ಬೀಳುವುದನ್ನು ನೋಡಲಿಕ್ಕೇ ನಿದ್ದೆಗೆಡುತ್ತಿದ್ದೆವು. ಕೊಲಂಬೊವಿನ ಕೊಲೆಗಾರರೂ ದುರ್ಯೋಧನನ ಜಾತಿಯವರೇ, ಅಂದರೆ ಛಲದವರು, ಆಸ್ತಿವಂತರು, ತಮ್ಮನ್ನು ಬಿಟ್ಟರೆ ಬುದ್ಧಿವಂತರಿಲ್ಲ ಎಂದುಕೊಂಡವರು. ವಾದ್ಯಗೋಷ್ಠಿ ನಡೆಸುವವನು, ಚೆಸ್ ಚಾಂಪಿಯನ್, ಹೃದಯದ ಡಾಕ್ಟರು, ದ್ರಾಕ್ಷಾರಸದ ಮಾಲೀಕ, ಕಲಾ ವಿಮರ್ಶಕ. ಒಬ್ಬನಾದರೂ ಗುಮಾಸ್ತ ಕೊಲೆ ಮಾಡಿದ್ದನ್ನು ನಾನು ನೋಡಲಿಲ್ಲ. ನಮಗೆ ರಜೆ ಸಿಕ್ಕಬೇಕಲ್ಲ. ಆದರೆ ಹಿಡಿಯುವವನು ಮಾತ್ರ ಪಕ್ಕಾ ಗುಮಾಸ್ತ. ಸಹಿ ಹಾಕಲು ಪೆನ್ನು ಇರುವುದಿಲ್ಲ, ಜೇಬು ತಡಕಿದರೆ ದಿನಸಿ ಚೀಟಿ, ಬೇಯಿಸಿದ ಮೊಟ್ಟೆ. ಎದುರಿನವರು ಚಡಪಡಿಸುತ್ತಿರುತ್ತಾರೆ. ಈ ತಡಕಾಟದಲ್ಲಿ ಎಷ್ಟೋ ಫಾಕ್ ಕ್ಯಾಮೆರಾ ಓಡುತ್ತಿದ್ದಾಗಲೇ ಹುಟ್ಟಿಸಿದ್ದು. ಎದುರು ನಿಂತ ನಟರ ಚಡಪಡಿಕೆಯೂ ಅಸಲಿಯೇ.

'ಇನ್ನೊಂದೇ ಒಂದು ವಿಷಯ' ಹುಟ್ಟಿದ ಕಥೆ ಕೇಳಿದ ದಿನ ನನಗೆ ನಮ್ಮ ಆಫೀಸು ಕಣ್ಣೆದುರು ಬಂತು. ಕೊಲಂಬೊವನ್ನು ಸೃಷ್ಟಿಸಿದವರು ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್, ಫಿಲಡೆಲ್ಫಿಯಾದಲ್ಲಿ ಶಾಲೆಯ ದಿನಗಳಿಂದ ಜೊತೆಗಿದ್ದ ಗೆಳೆಯರು. ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಬರುವ, ನಯವಾಗಿ ಕೊರೆಯುವ ಪೊರ್ಫೀರಿ ಎಂಬ ತನಿಖಾಧಿಕಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡವರು. ಇವರು ನಾಟಕವಾಗಿ ಬರೆಯುತ್ತಿದ್ದಾಗ ಒಂದು ದೃಶ್ಯ ಗಿಡ್ಡವಾಯಿತು. ಪತ್ತೇದಾರ ಆಗಲೇ ಬಾಗಿಲು ದಾಟಿ ಹೋಗಿದ್ದಾನೆ. ನಡುವೆ ಮಾತು ಸೇರಿಸಬೇಕೆಂದರೆ ಹಾಳೆಯನ್ನೆಲ್ಲ ಮತ್ತೆ ಟೈಪು ಮಾಡಬೇಕು. ಇಬ್ಬರಿಗೂ ಸೋಮಾರಿತನ. ಹೋದವನನ್ನೇ ಬಾಗಿಲಿನಿಂದ ಮತ್ತೆ ತಲೆ ಹಾಕಿಸಿ ಉಳಿದ ಮಾತು ಆಡಿಸಿದರು. ಜಗತ್ತಿನ ಕೊಲೆಗಾರರನ್ನೆಲ್ಲ ನಡುಗಿಸಿದ ತಂತ್ರ ಇಷ್ಟರದ್ದು. ನಮ್ಮ ಶಾಖೆಯ ಟೈಪಿಸ್ಟರೂ ಮೂರು ಕಾರ್ಬನ್ ಹಾಕಿ ಹೊಡೆದ ಪತ್ರವನ್ನು ಸತ್ತರೂ ಎರಡನೇ ಸಲ ಹೊಡೆಯುತ್ತಿರಲಿಲ್ಲ. ಸಾಹೇಬರು ಮರೆತ ಮುಖ್ಯ ವಿಷಯವೆಲ್ಲ ಸಹಿಯ ಕೆಳಗೆ 'ವಿ.ಸೂ.' ಎಂದು ಬಂದು ಕೂರುತ್ತಿತ್ತು. ಮುಂದೆ ಮುಂದೆ ಮೇಲಿನ ಕಚೇರಿಯವರು ನಮ್ಮ ಪತ್ರಗಳನ್ನು ಕೆಳಗಿನಿಂದಲೇ ಓದಲು ಕಲಿತರು.

ಫಾಕ್ ಈ ಪಾತ್ರಕ್ಕೆ ಮೊದಲ ಆಯ್ಕೆಯೂ ಅಲ್ಲ. 1960ರಲ್ಲಿ ಒಂದು ಟಿ.ವಿ. ನಾಟಕದಲ್ಲಿ ಬರ್ಟ್ ಫ್ರೀಡ್ ಎಂಬವನು ಮಾಡಿ ಮುಗಿಸಿದ್ದ. ಆಮೇಲೆ ರಂಗದ ಮೇಲೆ ಮತ್ತೊಬ್ಬ. 1968ರಲ್ಲಿ ಟಿ.ವಿ. ಚಿತ್ರ ಮಾಡುವಾಗ ಗಾಯಕ ಬಿಂಗ್ ಕ್ರಾಸ್ಬಿಯನ್ನು ಕೇಳಿದರಂತೆ. ಗಾಲ್ಫಿಗೆ ತೊಂದರೆಯಾಗುತ್ತದೆಂದು ಅವನು ಒಲ್ಲೆ ಅಂದನಂತೆ. ಯಾರದೋ ಗಾಲ್ಫಿನಿಂದ ಯಾರದೋ ಜೀವನ ನೆಟ್ಟಗಾಯಿತು. 1971ರ ಸೆಪ್ಟೆಂಬರಿನಲ್ಲಿ ಸರಣಿ ಸರಿಯಾಗಿ ಶುರುವಾದಾಗ ಮೊದಲ ಕಂತನ್ನು ನಿರ್ದೇಶಿಸಿದವನು ಇಪ್ಪತ್ತನಾಲ್ಕು ವರ್ಷದ ಹುಡುಗ, ಸ್ಟೀವನ್ ಸ್ಪಿಲ್‌ಬರ್ಗ್. 1968ರ ಚಿತ್ರವೂ ಸೇರಿ, ಬಿಟ್ಟು ಬಿಟ್ಟು 2003ರವರೆಗೆ ಒಟ್ಟು 69 ಕಥೆಗಳು. ಫಾಕ್ ಮನೆಯಲ್ಲಿದ್ದ ಎಮ್ಮಿ ಪ್ರಶಸ್ತಿ ಐದರಲ್ಲಿ ನಾಲ್ಕು ಈ ಕೋಟಿನವನದೇ.

ಕೋಟು ಫಾಕ್‌ನದೇ. ನ್ಯೂಯಾರ್ಕಿನ 57ನೇ ಬೀದಿಯಲ್ಲಿ ಒಂದು ದಿನ ಮಳೆಗೆ ಸಿಕ್ಕಿ, ಎದುರಿಗೆ ಕಂಡ ಅಂಗಡಿಗೆ ನುಗ್ಗಿ ಹದಿನೈದು ಡಾಲರಿಗೆ ಕೊಂಡಿದ್ದು. ಮಹಡಿಯ ಕಪಾಟಿನಲ್ಲಿದೆ, ರಾತ್ರಿ ಅದಕ್ಕೊಂದು ತಟ್ಟೆ ಹಾಲಿಡುತ್ತೇನೆ ಎಂದು ತಮಾಷೆ ಮಾಡುತ್ತಿದ್ದ. ಸ್ಟುಡಿಯೋದ ಗ್ಯಾರೇಜಿನ ಮೂಲೆಯಲ್ಲಿದ್ದ ಮಾಸಲು ಪ್ಯೂಜೋ 403 ಕಾರನ್ನೂ ತಾನೇ ಹುಡುಕಿಕೊಂಡ. ಒಂದು ನಾಯಿಯನ್ನೂ ಕೊಡುತ್ತೇವೆ ಅಂದಾಗ ಮಾತ್ರ ಬೇಡವೆಂದ. ಕೋಟು, ಕಾರು, ಸಿಗಾರು ಸಾಲದೇ? ಆಮೇಲೆ ನಾಯಿಯನ್ನು ತಂದು ತೋರಿಸಿದರು. ಬ್ಯಾಸೆಟ್ ಹೌಂಡ್ ಜಾತಿಯದು, ನೆಲಕ್ಕೆ ತಾಗುವ ಕಿವಿ, ಜೊಲ್ಲು, ಕೂತಲ್ಲಿಂದ ಏಳದ ಸ್ವಭಾವ. ಒಪ್ಪಿಕೊಂಡ. ಅದಕ್ಕೊಂದು ಹೆಸರೂ ಇಡಲಿಲ್ಲ, 'ನಾಯಿ' ಅಂತಲೇ ಕರೆದ.

ಕೊಲಂಬೊವಿನ ಹೆಂಡತಿಯ ವಿಷಯ ಹೇಳದಿದ್ದರೆ ನನ್ನ ಹೆಂಡತಿ ಬಿಡುವುದಿಲ್ಲ. ಮಾತೆತ್ತಿದರೆ ಅವನು 'ನಮ್ಮ ಮನೆಯವಳು' ಅನ್ನುತ್ತಾನೆ. ನಮ್ಮ ಮನೆಯವಳಿಗೆ ನಿಮ್ಮ ಸಿನಿಮಾ ಅಂದರೆ ಪ್ರಾಣ, ನಮ್ಮ ಮನೆಯವಳು ಆ ಸೆಂಟಿನ ಬೆಲೆ ಕೇಳಿಕೊಂಡು ಬಾ ಅಂದಳು... ಅರವತ್ತೊಂಬತ್ತು ಕಥೆ ಮುಗಿದರೂ ಆಕೆ ಒಮ್ಮೆಯೂ ತೆರೆಯ ಮೇಲೆ ಬರಲಿಲ್ಲ. 'ಆಯಮ್ಮ ಒಳಗೆ ಅಡಿಗೆ ಮಾಡ್ತಿರಬೇಕು' ಎಂದು ನನ್ನಾಕೆ ತೀರ್ಪು ಕೊಟ್ಟಳು. 1979ರಲ್ಲಿ ಟಿ.ವಿ.ಯವರು ಆಕೆಯ ಹೆಸರಿನಲ್ಲೇ ಬೇರೊಂದು ಧಾರಾವಾಹಿ ಶುರು ಮಾಡಿದರು. ಫಾಕ್‌ಗೆ ಅದು ಸೇರಲಿಲ್ಲ, ಬೇಗ ನಿಂತೂ ಹೋಯಿತು. ಕಾಣದ ಹೆಂಡತಿಯನ್ನು ತೋರಿಸಲು ಹೋದರೆ ಇನ್ನೇನಾಗುತ್ತದೆ? ವಿಚಿತ್ರವೆಂದರೆ ಫಾಕ್‌ನ ನಿಜವಾದ ಹೆಂಡತಿ ಶೆರಾ ಡನೀಸ್ ಮಾತ್ರ ಬೇರೆ ಬೇರೆ ಪಾತ್ರಗಳಲ್ಲಿ ಆರು ಕಂತುಗಳಲ್ಲಿ ಬಂದುಹೋದಳು, ಒಂದೆರಡರಲ್ಲಿ ಕೊಲೆಗೇ ಕೈಜೋಡಿಸಿದವಳಾಗಿ. ಇದನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಕೊಲಂಬೊವಿಗೆ ಹೆಸರೂ ಇಲ್ಲ. ಪೂರ್ತಿ ಹೆಸರೇನೆಂದು ಯಾರಾದರೂ ಕೇಳಿದರೆ 'ಲೆಫ್ಟಿನೆಂಟ್' ಅನ್ನುತ್ತಾನೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಅಭಿಮಾನಿಗಳು ಅವನ ಗುರುತಿನ ಚೀಟಿಯಲ್ಲಿ 'ಫ್ರ್ಯಾಂಕ್' ಎಂದಿರುವುದನ್ನು ಪತ್ತೆ ಹಚ್ಚಿದ್ದಾರೆ. ನನ್ನನ್ನು ಮೂವತ್ತೇಳು ವರ್ಷ ಆಫೀಸಿನಲ್ಲಿ 'ಲೆಕ್ಕಪತ್ರ' ಎಂದೇ ಕರೆದರು. ಮನೆಯಲ್ಲಿ 'ಏನೂಂದ್ರೆ'. ನನ್ನ ಹೆಸರೂ ಗುರುತಿನ ಚೀಟಿಯಲ್ಲೇ ಇದೆ.

ಇಷ್ಟೆಲ್ಲ ನೋಡಿದ ಮೇಲೆ ಈ ನಟ ಯಾವ ಊರಿನವನು, ಏನು ಕಥೆ ಎಂಬ ಹುಚ್ಚು ಹಿಡಿಯಿತು. ಮೊಮ್ಮಗ ತನ್ನ ಟ್ಯಾಬು ಕೊಟ್ಟ. ಹುಟ್ಟಿದ್ದು 1927ರಲ್ಲಿ ನ್ಯೂಯಾರ್ಕಿನಲ್ಲಿ. ಬೆಳೆದದ್ದು ಆಸಿನಿಂಗ್ ಎಂಬ ಸಣ್ಣ ಊರಲ್ಲಿ. ಪ್ರಸಿದ್ಧವಾದ ಸಿಂಗ್ ಸಿಂಗ್ ಜೈಲು ಇರುವುದೂ ಅಲ್ಲೇ. ಅಪ್ಪನದು ಅಂಗಡಿ ವ್ಯಾಪಾರ. ಮೂರು ವರ್ಷದ ಮಗುವಾಗಿದ್ದಾಗ ಬಲಗಣ್ಣಿನಲ್ಲಿ ಕ್ಯಾನ್ಸರ್ ಗಡ್ಡೆ ಬಂದು ಕಣ್ಣನ್ನೇ ತೆಗೆಯಬೇಕಾಯಿತು. ಆಮೇಲೆ ಬದುಕಿನುದ್ದಕ್ಕೂ ಗಾಜಿನ ಕಣ್ಣು. ಕೊಲಂಬೊ ಓರೆಯಾಗಿ, ಏನೋ ಅನುಮಾನದಿಂದ ನೋಡುವ ಆ ನೋಟವನ್ನು ನಾನು ಅಭಿನಯ ಎಂದುಕೊಂಡಿದ್ದೆ.

ಹುಡುಗ ಅದನ್ನಿಟ್ಟುಕೊಂಡು ಅಳುತ್ತ ಕೂರಲಿಲ್ಲ. ಹೈಸ್ಕೂಲಿನ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಅಂಪೈರು ಇವನನ್ನು ಔಟ್ ಅಂದ. ಅಲ್ಲ ಎಂದು ಇವನಿಗೆ ಖಾತ್ರಿ. ಸಿಟ್ಟಿನಲ್ಲಿ ಗಾಜಿನ ಕಣ್ಣನ್ನು ಕಿತ್ತು ಅಂಪೈರಿನ ಕೈಗಿಟ್ಟು, ಇದನ್ನು ಹಾಕಿಕೊಂಡು ನೋಡು ಅಂದನಂತೆ. ಸೇನೆಗೆ ಒಂದೇ ಕಣ್ಣಿನವನು ಬೇಡವಾದ. ಸರಕು ಹಡಗಿನಲ್ಲಿ ಅಡಿಗೆಯವನಾಗಿ ಸೇರಿಕೊಂಡ. ಹಡಗಿನಲ್ಲಿ ಕಣ್ಣು ಬೇಕಾಗಿರುವುದು ಕ್ಯಾಪ್ಟನ್ನನಿಗೆ ಮಾತ್ರ, ಟೈಟಾನಿಕ್ಕಿನಲ್ಲಿ ಅವನಿಗೂ ಸರಿಯಾಗಿ ಕಾಣಿಸಲಿಲ್ಲ ಎಂಬುದು ಅವನ ಸಮಾಧಾನ.

ಮುಂದಿನದನ್ನು ಓದಿದಾಗ ಟ್ಯಾಬನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಆಡಳಿತ ಶಾಸ್ತ್ರದಲ್ಲಿ ಎಂ.ಎ.ಯಂಥದ್ದನ್ನು ಮುಗಿಸಿದ ಪೀಟರ್ ಫಾಕ್ ಸೇರಿದ್ದು ಕನೆಕ್ಟಿಕಟ್ ರಾಜ್ಯ ಸರ್ಕಾರದ ಬಜೆಟ್ ಇಲಾಖೆಗೆ, ಹಾರ್ಟ್‌ಫರ್ಡ್ ಊರಿನಲ್ಲಿ. ನಮ್ಮವನೇ! ಲೆಕ್ಕಪತ್ರ! ಕೆಲಸ ಏನಪ್ಪಾ ಅಂದರೆ ಸರ್ಕಾರಿ ಕಚೇರಿಗಳ ದಕ್ಷತೆ ಹೆಚ್ಚಿಸುವುದು. ಈ ದಕ್ಷತಾ ತಜ್ಞನಿಗೆ ಮೊದಲ ದಿನ ಆಫೀಸು ಇರುವ ಕಟ್ಟಡವೇ ಸಿಗಲಿಲ್ಲ. ತಡವಾಗಿ ಹೋದ. ಆಮೇಲೂ ದಿನಾ ತಡ. ನಮ್ಮಲ್ಲಾಗಿದ್ದರೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ, ಮೂರು ಕೆಂಪು ಶಾಯಿಗೆ ಒಂದು ಸಿ.ಎಲ್. ಖೋತಾ.

ಸಂಜೆ ಹೊತ್ತು ಊರಿನ ಹವ್ಯಾಸಿ ತಂಡದ ಜೊತೆ ನಾಟಕವಾಡುತ್ತಿದ್ದ. ಹಾಗೇ ವಾರಕ್ಕೊಮ್ಮೆ ಕಾರು ಹತ್ತಿ ವೆಸ್ಟ್‌ಪೋರ್ಟಿಗೆ ಹೋಗಿ ಇವಾ ಲ ಗಾಲಿಯೆನ್ ಎಂಬ ಹೆಸರಾಂತ ರಂಗನಟಿಯ ತರಗತಿಯಲ್ಲಿ ಕೂರುತ್ತಿದ್ದ. ಅದು ವೃತ್ತಿಪರ ನಟರಿಗೆ ಮಾತ್ರ ಮೀಸಲಾದ ತರಗತಿ. ಇವನು ಸುಳ್ಳು ಹೇಳಿ ಒಳಸೇರಿದ್ದ. ಅಲ್ಲಿಗೂ ತಡ. ಒಂದು ದಿನ ಆಕೆ, ಏಕಯ್ಯಾ ಯಾವಾಗಲೂ ತಡ ಎಂದು ಕೇಳಿದರು. ಹಾರ್ಟ್‌ಫರ್ಡಿನಿಂದ ಬರಬೇಕು ಅಂದ. ಅಲ್ಲಿ ಏನು ಮಾಡುತ್ತೀ, ಅಲ್ಲಿ ರಂಗಭೂಮಿಯೇ ಇಲ್ಲವಲ್ಲ ಅಂದರು. ಸಿಕ್ಕಿಬಿದ್ದ. ನಾನು ನಟನಲ್ಲ ಎಂದು ಒಪ್ಪಿಕೊಂಡ. ಆಕೆ ದಿಟ್ಟಿಸಿ ನೋಡಿ, ಆಗಬೇಕಿತ್ತು ನೀನು ಅಂದರು. ಅಷ್ಟೇ ಮಾತು. ಫಾಕ್ ಹಾರ್ಟ್‌ಫರ್ಡಿಗೆ ವಾಪಸು ಹೋಗಿ ರಾಜೀನಾಮೆ ಕೊಟ್ಟ. ಅದು 1956. ವಯಸ್ಸು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ.

ನನಗೂ ಇಪ್ಪತ್ತೊಂಬತ್ತು ಆಗಿತ್ತು, 1981ರಲ್ಲಿ. ಶಿವಮೊಗ್ಗದ ಹವ್ಯಾಸಿ ತಂಡವೊಂದರಲ್ಲಿ ಮಂತ್ರಿಯ ಪಾತ್ರ ಮಾಡುತ್ತಿದ್ದೆ. ರಾಜನ ಪಾತ್ರ ಮಾಡುತ್ತಿದ್ದವರು ಬ್ಯಾಂಕಿನವರು. ನಾಟಕದಲ್ಲೂ ಸಂಬಳದ ಲೆಕ್ಕದಲ್ಲೇ ಪಾತ್ರ ಹಂಚಿಕೆಯಾಗುತ್ತಿತ್ತು. ಹಿಂದಿನ ವರ್ಷವಷ್ಟೇ ಹೆಗ್ಗೋಡಿನಲ್ಲಿ ನೀನಾಸಂನವರು ರಂಗಶಿಕ್ಷಣ ಕೇಂದ್ರ ತೆರೆದಿದ್ದರು. ಹೊರಗಿನಿಂದ ನಾಟಕ ನೋಡಲು ಬಂದಿದ್ದ ಹಿರಿಯರೊಬ್ಬರು ಬಣ್ಣ ಒರೆಸಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು, 'ನೀವು ಅಲ್ಲಿಗೆ ಹೋಗಿ ಕಲೀಬೇಕು ಕಣ್ರೀ' ಅಂದರು. ರಾತ್ರಿಯೇ ಅರ್ಜಿ ಬರೆದೆ. ಲಕೋಟೆಗೆ ಸ್ಟಾಂಪೂ ಹಚ್ಚಿದೆ. ಮಾರನೇ ದಿನ ಆಫೀಸಿಗೆ ಹೋದರೆ ಮಾರ್ಚ್ ಕೊನೆ, ಬಿಲ್ಲುಗಳ ರಾಶಿ. ವಾರದ ಮೇಲೆ ಅಪ್ಪನ ಕಾಗದ ಬಂತು: ತಂಗಿಗೆ ಗಂಡು ಗೊತ್ತಾಗಿದೆ. ಲಕೋಟೆ ಹಳೆಯ ಡೈರಿಯೊಳಗೆ ಹೋಯಿತು. ಯಾರ ಮೇಲೂ ದೂರಿಲ್ಲ. ಸ್ಟಾಂಪನ್ನು ಮಾತ್ರ ಆವಿ ಹಿಡಿದು ಬಿಡಿಸಿ ಬೇರೆ ಕಾಗದಕ್ಕೆ ಬಳಸಿಕೊಂಡೆ. ದಕ್ಷತೆಯ ಮಟ್ಟಿಗೆ ನಾನೇ ಫಾಕ್‌ಗಿಂತ ಮೇಲು.

ರಾಜೀನಾಮೆ ಕೊಟ್ಟವನಿಗೂ ಹೂವಿನ ಹಾಸಿಗೆ ಇರಲಿಲ್ಲ. ಕೊಲಂಬಿಯಾ ಸ್ಟುಡಿಯೋದ ದೊರೆ ಹ್ಯಾರಿ ಕೋನ್ ಇವನ ಪರೀಕ್ಷೆ ನೋಡಿ, ಇದೇ ದುಡ್ಡಿಗೆ ನನಗೆ ಎರಡು ಕಣ್ಣಿನ ನಟನೇ ಸಿಗುತ್ತಾನೆ ಅಂದುಬಿಟ್ಟನಂತೆ. ಕೋನ್ ಲೆಕ್ಕದಲ್ಲಿ ತಪ್ಪಿದ. 1960ರಲ್ಲಿ 'ಮರ್ಡರ್, ಇನ್‌ಕಾರ್ಪೊರೇಟೆಡ್' ಚಿತ್ರದ ಬಾಡಿಗೆ ಕೊಲೆಗಾರನ ಪಾತ್ರಕ್ಕೆ, ಮರುವರ್ಷ ಫ್ರ್ಯಾಂಕ್ ಕಾಪ್ರಾನ ಚಿತ್ರದ ಪಾತ್ರಕ್ಕೆ, ಹೀಗೆ ಎರಡು ಸಲ ಬೆನ್ನುಬೆನ್ನಿಗೆ ಆಸ್ಕರ್ ಪಟ್ಟಿಗೆ ಹೆಸರು ಬಂತು. ಮೊದಲ ಸಲದ ಸಮಾರಂಭದಲ್ಲಿ ವೇದಿಕೆಯಿಂದ 'ಪೀಟರ್' ಎಂದು ಕೂಗಿದ್ದೇ ತಡ, ಇವನು ಕುರ್ಚಿಯಿಂದ ಎದ್ದ. ಆಮೇಲೆ 'ಉಸ್ಟಿನಾಫ್' ಎಂದು ಕೇಳಿಸಿತು. ಕೂತ. ಕೂತವನು ಪಕ್ಕದಲ್ಲಿದ್ದ ತನ್ನ ಪ್ರಚಾರದವನಿಗೆ, ನಿನ್ನ ಕೆಲಸ ಈ ಕ್ಷಣಕ್ಕೆ ಮುಗಿಯಿತು ಅಂದನಂತೆ. ಇನ್ನೊಂದು ದಿನದ ಸಂಬಳ ಏಕೆ ದಂಡ? ಬಜೆಟ್ ಇಲಾಖೆಯ ಸಂಸ್ಕಾರ ಎಲ್ಲಿ ಹೋಗುತ್ತದೆ!

ಕೊಲಂಬೊ ಹೆಸರು ತಂದ ಮೇಲೂ ಒಂದು ಕಾಲನ್ನು ಆಚೆಗೇ ಇಟ್ಟಿದ್ದ. ಗೆಳೆಯ ಜಾನ್ ಕ್ಯಾಸವೆಟೀಸ್ ಸ್ಟುಡಿಯೋಗಳ ಹಂಗಿಲ್ಲದೆ ಸಿನಿಮಾ ಮಾಡುವವನು. ಅವನ 1974ರ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್'ನಲ್ಲಿ ನಟಿಸಿದ್ದಲ್ಲದೆ ಟಿ.ವಿ.ಯಲ್ಲಿ ದುಡಿದ ದುಡ್ಡನ್ನೂ ಸುರಿದ. ಹೆಂಡತಿಯ ಮನಸ್ಸು ಕದಡುತ್ತಿರುವಾಗ ಏನು ಮಾಡಬೇಕೆಂದು ತಿಳಿಯದೆ ಒದ್ದಾಡುವ ಕೂಲಿಕಾರ ಗಂಡನ ಪಾತ್ರ ಅದು. ಅಳಿಯಂದಿರು ಹಾಕಿಕೊಟ್ಟರು, ಅರ್ಧ ನೋಡಿ ಎದ್ದುಬಿಟ್ಟೆ. ಚೆನ್ನಾಗಿಲ್ಲವೆಂದಲ್ಲ. ಕೊಲಂಬೊವಿಗೆ ಎಲ್ಲ ಗೊತ್ತಿರುತ್ತದೆ, ಈ ಮನುಷ್ಯನಿಗೆ ಏನೂ ಗೊತ್ತಿಲ್ಲ, ಎರಡೂ ಒಂದೇ ಮುಖ. ಆ ರಾತ್ರಿ ನಿದ್ದೆ ಬರಲಿಲ್ಲ.

ಫಾಕ್ ತಾನೇ ಹೇಳಿಕೊಂಡ ರೊಮೇನಿಯಾದ ಕಥೆಯೊಂದಿದೆ. ಅಲ್ಲಿ ಚೌಶೆಸ್ಕುವಿನ ಆಳ್ವಿಕೆ, ಟಿ.ವಿ.ಯಲ್ಲಿ ಕೊಲಂಬೊ ಕಂತುಗಳು ಮುಗಿದುಹೋದವು. ಸರ್ಕಾರವೇ ಬಚ್ಚಿಟ್ಟುಕೊಂಡಿದೆ ಎಂದು ಜನ ರೇಗಿದರು. ಅಮೆರಿಕದವರು ಫಾಕ್‌ನನ್ನು ಹಿಡಿದು, ಅವನಿಗೆ ಬಾರದ ರೊಮೇನಿಯನ್ ಭಾಷೆಯಲ್ಲಿ, ಕಂತುಗಳು ಇನ್ನೂ ತಯಾರಾಗಿಲ್ಲ, ದಯವಿಟ್ಟು ಸಮಾಧಾನವಾಗಿರಿ ಎಂದು ಹೇಳಿಸಿ ಕಳಿಸಿದರಂತೆ. ಹೋಗಿ ಬರ್ತೀನಿ ಅಂದವನು ಬರದಿದ್ದರೆ ಯಾವ ದೇಶದವರಿಗಾದರೂ ಸಿಟ್ಟು ಬರಬೇಕಾದ್ದೇ.

ಫೆಬ್ರವರಿಯಲ್ಲಿ ಮೊಮ್ಮಗನಿಗೆ ಜ್ವರ ಬಂತು. ಏಳು ವರ್ಷದವನು, ಮನೆಗೆ ಹೊಸ ಪಾಪು ಬಂದಾಗಿನಿಂದ ಸ್ವಲ್ಪ ಮುಖ ಊದಿಸಿಕೊಂಡೇ ಇದ್ದ. ಹಾಸಿಗೆಯಲ್ಲಿ ಮಲಗಿ ನೋಡಲು ಅವನೇ ಒಂದು ಸಿನಿಮಾ ಆರಿಸಿದ, 1987ರ 'ದಿ ಪ್ರಿನ್ಸೆಸ್ ಬ್ರೈಡ್'. ಶುರುವಾದರೆ, ಅಲ್ಲೂ ಒಬ್ಬ ಹುಡುಗ ಜ್ವರ ಬಂದು ಮಲಗಿದ್ದಾನೆ. ಕತೆ ಪುಸ್ತಕ ಹಿಡಿದು ಅವನ ತಾತ ಬರುತ್ತಾನೆ. ತಾತ ನಮ್ಮ ಫಾಕ್! ಮೊದಲು ಪುಸ್ತಕವೇ ಬೇಡವೆನ್ನುತ್ತಿದ್ದ ಹುಡುಗ ಕೊನೆಗೆ, ನಾಳೆ ಬಂದು ಇದನ್ನೇ ಇನ್ನೊಮ್ಮೆ ಓದುತ್ತೀಯಾ ಎಂದು ಕೇಳುತ್ತಾನೆ. ತಾತ ಬಾಗಿಲಿನವರೆಗೆ ಹೋಗಿದ್ದಾನೆ. ನಾನು ಹಣೆಗೆ ಬೆರಳು ಮುಟ್ಟಿಸಿಕೊಂಡು ಕಾದೆ. ಬಾಗಿಲಲ್ಲಿ ತಿರುಗಿದ. ಆಗಲಿ, ನಿನ್ನಿಷ್ಟ ಎನ್ನುವಂಥ ಎರಡು ಮೂರು ಪದ ಹೇಳಿದ. ಅವೇ ಪದಗಳಿಗೆ ಆ ಕತೆಯೊಳಗೆ 'ನೀನಂದರೆ ನನಗೆ ಪ್ರೀತಿ' ಎಂಬ ಅರ್ಥವಿದೆ ಎಂದು ಮೊಮ್ಮಗ ನನಗೆ ಬಿಡಿಸಿ ಹೇಳಿದ. ತಾತನ ಬುದ್ಧಿಯ ಮೇಲೆ ಅವನಿಗೆ ಅಷ್ಟೇನೂ ಭರವಸೆ ಇಲ್ಲ.

ಅದೇ ವರ್ಷ ಬಂದ ಇನ್ನೊಂದು ಚಿತ್ರ ವಿಮ್ ವೆಂಡರ್ಸ್ ಬರ್ಲಿನ್ನಿನಲ್ಲಿ ತೆಗೆದ 'ವಿಂಗ್ಸ್ ಆಫ್ ಡಿಸೈರ್'. ಅದರಲ್ಲಿ ಫಾಕ್ ಫಾಕ್‌ನೇ. ಶೂಟಿಂಗಿಗೆಂದು ಬಂದ ನಟ. ಬೀದಿಯ ಹುಡುಗರು ಗುರುತು ಹಿಡಿದು ಕೊಲಂಬೊ ಕೊಲಂಬೊ ಅನ್ನುತ್ತಾರೆ. ಇವನು ಬಿಡುವಿನಲ್ಲಿ ಕೂತು ಜನರ ಚಿತ್ರ ಬರೆಯುತ್ತಾನೆ. ನಿಜ ಜೀವನದಲ್ಲೂ ಒಳ್ಳೆಯ ಚಿತ್ರಗಾರನೇ. ಚಳಿಯಲ್ಲಿ ಕಾಫಿ ಗಾಡಿಯ ಮುಂದೆ ನಿಂತಾಗ ಪಕ್ಕದಲ್ಲೊಬ್ಬ ದೇವದೂತ ಬಂದು ನಿಲ್ಲುತ್ತಾನೆ. ದೇವದೂತರು ದೊಡ್ಡವರ ಕಣ್ಣಿಗೆ ಕಾಣುವುದಿಲ್ಲ. ಫಾಕ್ ಗಾಳಿಯತ್ತ ತಿರುಗಿ, ನೀನು ಇಲ್ಲಿದ್ದೀಯೆಂದು ಗೊತ್ತು ಎಂದು ಮಾತಾಡಿಸಿ ಕೈ ಚಾಚುತ್ತಾನೆ. ಚಳಿಯಲ್ಲಿ ಅಂಗೈ ಉಜ್ಜಿಕೊಳ್ಳುವುದು, ಬಿಸಿ ಕಾಫಿ, ಇದರ ಸುಖವನ್ನೆಲ್ಲ ಬಣ್ಣಿಸುತ್ತಾನೆ. ಎರಡು ಕಣ್ಣಿದ್ದವರಿಗೆ ಕಾಣದ್ದು ಒಂದು ಕಣ್ಣಿನವನಿಗೆ ಕಂಡಿತು. ಹ್ಯಾರಿ ಕೋನ್ ಆಗ ಬದುಕಿರಲಿಲ್ಲ.

2003ರಲ್ಲಿ ಕೊಲಂಬೊ ಕೊನೆಯ ಸಲ ಕೊಲೆಗಾರನನ್ನು ಹಿಡಿದಾಗ ಫಾಕ್‌ಗೆ ಎಪ್ಪತ್ತೈದು. ಅದಾದ ಮೇಲೂ, ಎಂಬತ್ತರ ಹತ್ತಿರವಿದ್ದಾಗಲೂ, ಇನ್ನೊಂದೇ ಒಂದು ಮಾಡೋಣ ಎಂದು ಕೇಳುತ್ತಿದ್ದ. ಚಾನೆಲಿನವರು ಒಪ್ಪಲಿಲ್ಲ. ಜೀವಮಾನವೆಲ್ಲ ಬೇರೆಯವರ ಬಾಗಿಲಲ್ಲಿ ತಿರುಗಿ ನಿಂತು ಆ ಮಾತನ್ನು ಆಡಿದವನಿಗೆ, ತನಗಾಗಿ ಒಂದು ಸಲ ಕೇಳಿದಾಗ ಬಾಗಿಲು ಹಾಕಿಬಿಟ್ಟರು. ಆಮೇಲೆ ಮರೆವಿನ ಕಾಯಿಲೆ ಬಂತು. 2009ರಲ್ಲಿ, ಅವನ ಯೋಗಕ್ಷೇಮವನ್ನು ಯಾರು ನೋಡಿಕೊಳ್ಳಬೇಕೆಂಬ ವಿಚಾರ ಕೋರ್ಟಿಗೆ ಬಂದಾಗ, ಡಾಕ್ಟರು ಹೇಳಿದರು: ಅವರಿಗೆ ಈಗ ಕೊಲಂಬೊ ಎಂಬ ಪಾತ್ರವೇ ನೆನಪಿಲ್ಲ. 2011ರ ಜೂನ್ 23ರಂದು ಬೆವರ್ಲಿ ಹಿಲ್ಸಿನ ಮನೆಯಲ್ಲಿ ತೀರಿಕೊಂಡ.

ಬುಡಾಪೆಸ್ಟಿನಲ್ಲಿ ಫಾಕ್ ಮಿಕ್ಷಾ ಎಂಬ ಹೆಸರಿನ ಬೀದಿಯಿದೆ. ಹೆಸರು ಕೂಡಿಬಂತೆಂದು 2014ರಲ್ಲಿ ಅಲ್ಲೊಂದು ಕಂಚಿನ ಕೊಲಂಬೊವನ್ನು ನಿಲ್ಲಿಸಿದ್ದಾರೆ. ಕೋಟು, ತಲೆ ಕೆರೆದುಕೊಳ್ಳುತ್ತಿರುವ ಕೈ, ಕಾಲ ಬಳಿ ನಾಯಿ. ತಾನು ಯಾರ ವೇಷ ಹಾಕಿದ್ದೆನೆಂದು ಅವನು ಮರೆತರೂ ಹಂಗೇರಿಯವರು ಮರೆತಿಲ್ಲ. ಎಡಿಸನ್ನಿನಿಂದ ನಾನೂ ನನ್ನ ಸಣ್ಣ ತನಿಖೆ ಮಾಡಿದೆ. ಊರಿನಲ್ಲಿರುವ ತಮ್ಮನಿಗೆ ಫೋನು ಮಾಡಿ, ಅಟ್ಟದ ಟ್ರಂಕಿನಲ್ಲಿ 81ರ ಡೈರಿ ಇದೆಯಾ ನೋಡು ಅಂದೆ. 'ಯಾಕಣ್ಣ, ಯಾರಿಗಾದರೂ ದುಡ್ಡು ಕೊಟ್ಟಿದ್ದು ಬರೆದಿತ್ತಾ?' ಅಂದ. ಹುಡುಕಿದ ಪಾಪ. ಗೆದ್ದಲು ತಿಂದಿತ್ತಂತೆ.

ಆರು ತಿಂಗಳ ಗಡುವು ಮುಗಿದು ನಾವು ಹೊರಟೆವು. ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲಿಗೆ ಪ್ರಯಾಣಿಕರನ್ನು ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ. ಪಾಪುವನ್ನು ಎತ್ತಿಕೊಂಡ ಮಗಳು ಪಟ್ಟಿಯ ಆಚೆ ನಿಂತಿದ್ದಳು. 'ಹೋಗಿ ಬರ್ತೀವಿ' ಅಂದೆವು. ನನ್ನ ಹೆಂಡತಿ ಕಣ್ಣೊರೆಸಿಕೊಂಡು, ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕಬೇಡವೆಂದು ಹೇಳಿ ಮುಂದೆ ಹೋದಳು. ನಾನೂ ಹತ್ತು ಹೆಜ್ಜೆ ಹೋದೆ. ಕೈಯಲ್ಲಿ ಪಾಸ್‌ಪೋರ್ಟು, ಬಿಚ್ಚಿದ ಬೆಲ್ಟು, ತೋಳಿನ ಮೇಲೆ ಅಳಿಯಂದಿರು ಕೊಡಿಸಿದ ಮಳೆಕೋಟು. ಹಿಂದಕ್ಕೆ ತಿರುಗಿದೆ. ಹಿಂದಿದ್ದವರು ಸರಿದು ದಾರಿ ಬಿಟ್ಟರು. ಮಗಳು ಪಟ್ಟಿಯ ಮೇಲೆ ಬಾಗಿ 'ಏನಪ್ಪಾ?' ಅಂದಳು.

'ಒಲೆ ಆರಿಸಿ ಬಂದ್ಯಾ?' ಅಂದೆ.

ಅವರ ಮನೆಯದು ಕರೆಂಟಿನ ಒಲೆ. ತಾನಾಗಿಯೇ ಆರುತ್ತದೆ ಎಂದು ಆರು ತಿಂಗಳಿಂದ ಹೇಳುತ್ತಲೇ ಇದ್ದಳು. ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ, 'ಆರಿಸಿದೀನಿ ಅಪ್ಪ' ಅಂದಳು.